ಅತ್ತೆಯ ಮಡಿ ಕಂಪ್ಯೂಟರು

ಮಡಿ ಮಾಡುವ ಅತ್ತೆಯರನ್ನು ನೀವೂ ಕಂಡಿರುತ್ತೀರಿ. ಆದರೆ ಕಂಪ್ಯೂಟರಿಗೂ ಮಡಿ ಮಾಡಿಸುವ ಅತ್ತೆ ಇಡೀ ನುಂಗಂಬಾಕ್ಕಂ ಬಡಾವಣೆಯಲ್ಲಿ ನಮ್ಮ ಮನೆಯಲ್ಲಿ ಮಾತ್ರ ಇದ್ದಾರೆ. ಬೇಕಾದರೆ ಪಂಥ ಕಟ್ಟಿ!

ಔಷಧ ಹುಡುಕುವ ವಿಜ್ಞಾನಿಗಳು ತಮ್ಮ ದೊಡ್ಡ ಲೆಕ್ಕಗಳನ್ನು ತುಂಡು ಮಾಡಿ ಲೋಕದ ಮನೆಮನೆಗೆ ಕಳಿಸುತ್ತಾರೆ, ಸುಮ್ಮನೆ ಕೂತ ಕಂಪ್ಯೂಟರುಗಳು ಅವನ್ನು ಮಾಡಿ ಹಿಂತಿರುಗಿಸುತ್ತವೆ ಎಂದು ಅತ್ತೆ ಎಲ್ಲೋ ಓದಿದರು. ಸಂಬಳವಿಲ್ಲ, ಬರೀ ಸೇವೆ. ಅಷ್ಟು ಸಾಕಾಯಿತು! ಅವರ ಕಂಪ್ಯೂಟರು ದೇವರ ಮನೆಯ ಪಕ್ಕಕ್ಕೆ ಬಂತು. ಸ್ನಾನವಾಗದೆ ಯಾರೂ ಮುಟ್ಟುವಂತಿಲ್ಲ. ಒಂದು ಲೆಕ್ಕ ಮುಗಿದರೆ ಪರದೆಯ ಮೇಲೆ ಅಂಕ ಬರುತ್ತದೆ. ಅತ್ತೆ ಅದನ್ನು ಓದುವುದೇ ಇಲ್ಲ, “ಶ್ರೀಕೃಷ್ಣಾರ್ಪಣಮಸ್ತು” ಎಂದು ಮುಚ್ಚಿಬಿಡುತ್ತಾರೆ. ಧೂಳು ತೆಗೆಯಲು ಬಂದ ಮೆಕ್ಯಾನಿಕ್‌ಗೂ “ಕಾಲು ತೊಳ್ಕೊಂಡು ವಾಪ್ಪಾ” ಎಂದು ತಮ್ಮ ತಮಿಳು ಬೆರೆತ ಕನ್ನಡದಲ್ಲಿ ಹೇಳಿದರು. ಪಾಪ, ಅವನು ಕಾಲು ತೊಳೆದು, ಕೆಲಸ ಮುಗಿಸಿ, ಹೊರಡುವಾಗ ತೀರ್ಥಕ್ಕೆ ಕೈ ಚಾಚಿದ!

ಇಷ್ಟರವರೆಗೆ ನಗಬಹುದಿತ್ತು. ಒಮ್ಮೆ ಒಂದು ಲೆಕ್ಕ ಗಡುವು ಮೀರಿ ತಿರಸ್ಕೃತವಾಯಿತು. ಅತ್ತೆಗೆ ಅದು ಹೊತ್ತು ಮೀರಿದ ಪಾರಣೆಯಷ್ಟೇ ದೊಡ್ಡ ಅಪಚಾರ. ಮುಂದಿನ ಏಕಾದಶಿಗೆ ಸಂಕಲ್ಪ ಮಾಡಿಯೇಬಿಟ್ಟರು: ಈ ಸಲದ ಲೆಕ್ಕ ಮುಗಿದ ಮೇಲೆಯೇ ಉಪವಾಸ ಬಿಡುವುದು. ಅದೂ ನೀರಿಲ್ಲದ ಉಪವಾಸ, ಅವರೋ ಶುಗರ್ ಇರುವವರು! ಹೋದ ವರ್ಷ ಹೀಗೇ ಒಂದು ದ್ವಾದಶಿಯ ಬೆಳಿಗ್ಗೆ ಬಚ್ಚಲ ಬಾಗಿಲಲ್ಲಿ ಕುಸಿದವರನ್ನು ಹಿಡಿದವಳು ನಾನೇ.

ದ್ವಾದಶಿಯ ಬೆಳಿಗ್ಗೆ ಆರಕ್ಕೆ ನೋಡಿದರೆ ಲೆಕ್ಕಕ್ಕೆ ಇನ್ನೂ ಏಳು ಗಂಟೆ ಬೇಕಂತೆ. ಉಪವಾಸ ಮುರಿಯುವ ಪಾರಣೆಗೆ ಹೊತ್ತು ಇದ್ದದ್ದು ಎಂಟೂವರೆಯವರೆಗೆ. ತಪ್ಪಿದರೆ ಇಡೀ ದಿನ ಉಪವಾಸ, ಅದು ಅವರ ಕಾನೂನು. ನನ್ನ ಗಂಡನೂ ಊರಲ್ಲಿರಲಿಲ್ಲ.

“ಅತ್ತೆ, ದಮ್ಮಯ್ಯ, ಪಾರಣೆ ಮಾಡ್ಬಿಡಿ. ಅದರ ಪಾಡಿಗೆ ಅದು ಮುಗಿಸ್ಕೊಳತ್ತೆ.”

“ಮೊದಲು ಅದು ಮಾ, ಅಪ್ಪುರಂ ನಾನು,” ಎಂದರು. ಆಮೇಲೆ ಪರದೆಯನ್ನೇ ದಿಟ್ಟಿಸಿ, “ಒಲೆ ನಾಲ್ಕಿದ್ರೇನು? ಕಟ್ಟೆ ಸಣ್ಣದು. ಪಾತ್ರೆ ಇಡೋಕೆ ಜಾಗ ಇಲ್ದೆ ಇದು ಉಗ್ರಾಣಕ್ಕೂ ಅಡಿಗೆಮನೆಗೂ ಓಡಾಡ್ತಾನೇ ಇದೆ. ಮೆಮೊರಿ ಸಾಲ್ದು,” ಎಂದರು.

ಬಾಯಿ ಒಣಗಿದ್ದರೂ ರೋಗ ಮಾತ್ರ ಸರಿಯಾಗಿ ಹಿಡಿದಿದ್ದರು! ಅಷ್ಟು ಹೊತ್ತಿಗೆ ಯಾವ ಅಂಗಡಿ ತೆರೆದಿರುತ್ತದೆ? ನನ್ನ ಕಂಪ್ಯೂಟರನ್ನೇ ಬಿಚ್ಚಿ, ಬೆರಳುದ್ದದ ಮೆಮೊರಿ ಪಟ್ಟಿಗಳನ್ನು ಕಿತ್ತು ಓಡಿಬಂದೆ.

“ಸ್ನಾನ ಆಯ್ತಾ?”

ಆ ಕ್ಷಣ ನನಗೆ ಬಂದ ಕೋಪ ಯಾವ ಸೊಸೆಗೂ ಬಾರದಿರಲಿ! ಎರಡು ಚೊಂಬು ಸುರಿದುಕೊಂಡು ಬಂದು, ಕೈ ಒರೆಸಿಕೊಂಡು, ಯಂತ್ರ ಆರಿಸಿ ಪಟ್ಟಿ ಕೂರಿಸಿದೆ. ಮತ್ತೆ ಹಚ್ಚಿದಾಗ ಲೆಕ್ಕ ನಿಂತಲ್ಲಿಂದಲೇ ಹೊರಟಿತು. ಇಡೀ ಬೆಳಿಗ್ಗೆ ಅಲುಗದಿದ್ದ ಶೇಕಡಾ ಅಂಕಿ ಈಗ ಚಕಚಕನೆ ಏರತೊಡಗಿತು. ನಾನು ಒಮ್ಮೆ ಅದನ್ನು ನೋಡುವುದು, ಒಮ್ಮೆ ಅತ್ತೆಯ ಬೆವರಿದ ಹಣೆ ನೋಡುವುದು. ಎಂಟು ಇಪ್ಪತ್ತಕ್ಕೆ ಲೆಕ್ಕ ಮುಗಿದು ಹೋಯಿತು!

“ಶ್ರೀಕೃಷ್ಣಾರ್ಪಣಮಸ್ತು” ಎಂದ ಅತ್ತೆಯ ದನಿ ಪಕ್ಕದಲ್ಲಿದ್ದ ನನಗೇ ಸರಿಯಾಗಿ ಕೇಳಲಿಲ್ಲ. ತೀರ್ಥ ಕುಡಿದರು, ಅಗಸೆ ಸೊಪ್ಪಿನ ಪಲ್ಯ ಕಲಸಿ ನಾಲ್ಕು ತುತ್ತು ಅನ್ನ ತಿಂದರು. ಹಣೆಯ ಬೆವರು ಆರಿತು. ಹೋದ ಜೀವ ಬಂದಂತಾಗಿ ನಾನು ಅಲ್ಲೇ ನೆಲದ ಮೇಲೆ ಕೂತು ಗೊಳೋ ಎಂದು ಅತ್ತುಬಿಟ್ಟೆ.

ಅತ್ತೆ ತುತ್ತು ಕೈಯಲ್ಲೇ ಹಿಡಿದು ನನ್ನನ್ನು ನೋಡಿದರು.

“ಇಷ್ಟು ಹೆದರಿದ್ಯಾ?”

“ಹೂಂ ಅತ್ತೆ.”

ತುತ್ತನ್ನು ತಟ್ಟೆಗಿಟ್ಟು, “ಆಯ್ತು. ಇನ್ಮೇಲೆ ಇಂಥ ಸಂಕಲ್ಪ ಬೇಡ, ನೀರೂ ಕುಡೀತೀನಿ. ದೇವ್ರ ಹತ್ರ ನಾನೇ ಹೇಳ್ಕೋತೀನಿ, ನಮ್ಮನೆ ಹುಡುಗಿ ಹೆದರ್ಕೋತಾಳೆ ಅಂತ,” ಎಂದರು.