ವಿಲೈಯ ಪುಣ್ಯದ ತೂಕ

"ನಾಳೆಯಿಂದ ಈ ಮನೇಲಿ ಒಂದು ತುಣುಕು ಸಿಹಿ ಉಳಿದ್ರೆ ನನ್ನ ಹೆಸರು ವಿಲೈ ಅಲ್ಲ!"

ಲಂಪಾಂಗ್ ಪೇಟೆಯಲ್ಲಿ ಸಿಹಿತಿಂಡಿ ಮಾರುವ ವಿಲೈ ಹೀಗೆ ಘೋಷಿಸಿದಾಗ, ಅವಳ ಗಂಡ ಪ್ರಯೂನ್ ಬಾಳೆಯೆಲೆಯ ಪೊಟ್ಟಣವೊಂದನ್ನು ಬಿಚ್ಚುತ್ತಿದ್ದ.

ಘೋಷಣೆಗೆ ಕಾರಣವಿತ್ತು. ಮನಸ್ಸಿನ ಕಾಯಿಲೆಗೆಂದು ಡಾಕ್ಟರು ಕೊಟ್ಟ ಮಾತ್ರೆ ಅವನಿಗೆ ನಿದ್ದೆಯನ್ನೂ ಮಾತನ್ನೂ ಮರಳಿಸಿತ್ತು. ಜೊತೆಗೆ ತಣಿಯದ ಹಸಿವನ್ನೂ ತಂದಿತ್ತು. ಅಂಗಿಯ ಗುಂಡಿಗಳು ಒಂದೊಂದಾಗಿ ರಾಜೀನಾಮೆ ಕೊಟ್ಟವು. "ಈ ತಿಂಗಳೂ ತೂಕ ಏರಿದ್ರೆ ಮಾತ್ರೇನ ಹೊಳೆಗೆ ಎಸೀತೀನಿ" ಎಂದಿದ್ದ. ಹಿಂದೊಮ್ಮೆ ಹಾಗೆ ಎಸೆದ ಮೇಲೆ, ಮಳೆಗಾಲವಿಡೀ ಅವನು ಗೋಡೆಯತ್ತ ಮುಖ ಮಾಡಿ ಮಲಗಿದ್ದುದನ್ನು ವಿಲೈ ಮರೆತಿರಲಿಲ್ಲ.

ಉಪಾಯವೇನೋ ಭವ್ಯವಾಗಿತ್ತು! ನಸುಕಿನಲ್ಲಿ ಬೇಯಿಸಿದ ತೆಂಗಿನಹಾಲಿನ ತಿಂಡಿಯಲ್ಲಿ ಅಂಗಡಿಗೆ ಬೇಕಾದಷ್ಟನ್ನು ಬಿಟ್ಟು ಉಳಿದದ್ದೆಲ್ಲ ವಿಹಾರದ ಭಿಕ್ಷುಗಳಿಗೆ. ಗಂಡನಿಗೆ ಪಥ್ಯ, ಹೆಂಡತಿಗೆ ಪುಣ್ಯ. ವ್ಯಾಯಾಮಕ್ಕೆಂದು ಪ್ರಯೂನ್ ವಿಹಾರದ ಅಂಗಳ ಗುಡಿಸುವ ಕೆಲಸವನ್ನೂ ಹಿಡಿದ. ವಿಲೈ ದಿನವೂ ತಿಂಡಿಯ ಬುಟ್ಟಿ ಅರ್ಪಿಸಿ, ಕೈಮುಗಿದು, ಅಂಗಡಿಗೆ ಓಡುತ್ತಿದ್ದಳು.

ತಿಂಗಳು ಮುಗಿಯುವಷ್ಟರಲ್ಲಿ ತೂಕದ ಮುಳ್ಳು ಮತ್ತಷ್ಟು ಮೇಲೇರಿತು! ದಿಗಿಲುಗೊಂಡ ವಿಲೈ ಮರುದಿನ ಅಂಗಡಿಯನ್ನು ಪಕ್ಕದವಳಿಗೆ ಒಪ್ಪಿಸಿ ವಿಹಾರಕ್ಕೆ ಹಿಂತಿರುಗಿದಳು. ಭಿಕ್ಷುಗಳು ಉಂಡೆದ್ದ ಮೇಲೆ ಮಿಕ್ಕಿದ್ದನ್ನು ಭಕ್ತರು ಒಟ್ಟಿಗೆ ಕುಳಿತು ಉಣ್ಣುವುದು ಪದ್ಧತಿ. ಹುಟ್ಟಿದಂದಿನಿಂದ ಬಲ್ಲ ಆ ಪದ್ಧತಿಯನ್ನು ಅವಳ ಮಹಾಯೋಜನೆ ಮಾತ್ರ ಮರೆತಿತ್ತು! ಅಜ್ಜಿಯರ ಸಾಲಿನ ನಡುವೆ ಗಂಡ. ಅವನ ಮುಂದೆ ಅವಳದೇ ಬುಟ್ಟಿ.

"ಪೀ ಯೂನ್!" ಗಂಡನನ್ನು ಅವಳು ಕರೆಯುತ್ತಿದ್ದುದೇ ಹಾಗೆ. "ಏನ್ರೀ ಇದು?"

"ಮನೇಲಿ ತಿಂದ್ರೆ ನಿಂಗೆ ಸಂಕಟ. ಇಲ್ಲಿ ತಿಂದ್ರೆ ಪುಣ್ಯದ ಊಟ ಅಲ್ವಾ?" ಎಂದವನ ಮುಖ ಮರುಕ್ಷಣವೇ ಬಾಡಿತು. "ಎಲ್ಲಾ ಆ ಮಾತ್ರೆ ಕೆಲಸ ಕಣೇ. ಇವತ್ತೇ ಎಸೀತೀನಿ."

ವಿಲೈ ಬೈಯುವುದನ್ನು ಬಿಟ್ಟು ಅವನ ಪಕ್ಕದಲ್ಲೇ ಕುಳಿತಳು. "ಬೇಡ್ರೀ. ನೀವು ಆನೆಯಷ್ಟು ದಪ್ಪ ಆದ್ರೂ ಪರವಾಗಿಲ್ಲ, ನನ್ ಜೊತೆ ಮಾತಾಡ್ತಾ ಇರಿ, ಸಾಕು. ಡಾಕ್ಟರ ಹತ್ರ ಇಬ್ರೂ ಹೋಗಿ ಕೇಳೋಣ. ಬೇರೆ ಮಾತ್ರೆ ಇರಬಹುದು."

ಅಲ್ಲೇ ನಿಂತು ಕೇಳಿಸಿಕೊಂಡ ವೃದ್ಧ ಭಿಕ್ಷುವೊಬ್ಬರು ಮೆಲ್ಲನೆ ಕೆಮ್ಮಿದರು. "ಮಗಳೇ, ನಾನು ಯಾವ ಮಾತ್ರೇನೂ ನುಂಗಲ್ಲ. ಆದ್ರೂ ನನ್ನ ಹೊಟ್ಟೆ ನೋಡು! ಕೊಟ್ಟಿದ್ದನ್ನ ಬೇಡ ಅನ್ನೋ ಹಾಗಿಲ್ಲವಲ್ಲ ನಾವು."

ಅಜ್ಜಿಯರೂ ಉಟ್ಟ ಬಟ್ಟೆಯ ಸೊಂಟದ ಗಂಟು ಸಡಿಲಿಸಿಕೊಂಡರು.

ಪ್ರಯೂನ್ ಹೊಟ್ಟೆ ಕುಲುಕುವಂತೆ ನಕ್ಕ. ಆಮೇಲೆ ಹೆಂಡತಿಗಷ್ಟೇ ಕೇಳುವಂತೆ ಹೇಳಿದ:

"ಆಯ್ತು, ಡಾಕ್ಟರು ಹೇಳೋವರೆಗೂ ನಾನು ಮಾತ್ರೆ ಬಿಡಲ್ಲ. ನೀನು ಸ್ವಲ್ಪ ದಿನ ಪುಣ್ಯ ಬಿಡು!"