ಬಿತ್ತದೆ ಬಿಟ್ಟ ಹಳೆಯ ದಾರಿ

ಇರುವ ರಸ್ತೆಯಲ್ಲಿ ನಮ್ಮ ಕಾಕಾ ನಡೆದದ್ದನ್ನು ನಾನಂತೂ ಕಂಡಿಲ್ಲ. ಇಲ್ಲದ ರಸ್ತೆ ಎಂದರೆ ಮಾತ್ರ ಅವರ ಕಾಲಿಗೆ ಚಕ್ರ ಬರುತ್ತಿತ್ತು! ನವಲಗುಂದದ ಕಡೆಯ ಎರೆಹೊಲಗಳಲ್ಲಿ ಎಲ್ಲಾದರೂ ಜೋಳ ಉದ್ದಕ್ಕೂ ಒಂದು ಪಟ್ಟಿಯಷ್ಟೇ ಗಿಡ್ಡಾಗಿ ಬೆಳೆದಿತ್ತೋ, ಮುಗಿಯಿತು. ಅದರ ಕೆಳಗೆ ಹಿಂದಿನವರ ಗಾಡಿದಾರಿ ಇದೆ, ಗಾಲಿ ಹಾದು ಹಾದು ನೆಲ ಗಟ್ಟಿಯಾಗಿದೆ ಎಂದು ಶುರು. ಭಾನುವಾರ ಶಾಲೆಗೆ ರಜೆ ಎಂಬ ಒಂದೇ ತಪ್ಪಿಗೆ, ಮಾಸ್ತರನಾದ ನಾನು ರಣಬಿಸಿಲಲ್ಲಿ, ಹಳೆಯ ದಾರಿಯ ಗುರುತೆಂದು ಅವರು ಆಯ್ದ ಮಡಕೆಚೂರಿನ ಚೀಲ ಹೊತ್ತು ಅವರ ಹಿಂದೆ ನಡೆಯಬೇಕು. ಎಂಬತ್ತರ ದಶಕವೆಂದರೆ ನನಗೆ ನೆನಪಾಗುವುದು ಮೊಣಕಾಲು ನೋವೇ.

ನನಗೆ ಹೆಣ್ಣು ನೋಡಲು ಬಮ್ಮಿಗಟ್ಟಿಗೆ ಹೊರಟಾಗಲೂ, ಊರು ಇನ್ನೂ ಎರಡು ಹರದಾರಿ ಇರುವಾಗಲೇ ಕಾಕಾ ನಮ್ಮನ್ನು ಬಸ್ಸಿನಿಂದ ಇಳಿಸಿದರು. ಹಳೆಯ ದಾರಿ ಹತ್ತಿರವಂತೆ! ಮಧ್ಯಾಹ್ನ ಮುಟ್ಟಬೇಕಾದವರು ಹೊತ್ತು ಮುಳುಗುವಾಗ ಮುಟ್ಟಿದೆವು. ಉಪ್ಪಿಟ್ಟು ತಣ್ಣಗಾಗಿತ್ತು, ಹೆಣ್ಣಿನ ಅಪ್ಪ ಬಿಸಿಯಾಗಿದ್ದರು. ಹುಡುಗಿಯನ್ನು ಏನಾದರೂ ಕೇಳಿ ಎಂದರೆ ಕಾಕಾ ಕೇಳಿದ್ದು, ಬಚ್ಚಲಿಗೆ ಹಾಸಿದ ಆ ಹಳೆಯ ಕಲ್ಲು ಎಲ್ಲಿ ಸಿಕ್ಕಿತು ಎಂದು. ಸಂಬಂಧ ಅಲ್ಲಿಗೇ ಮುರಿಯಿತು. ಕಾಕಾ ದಾರಿಯುದ್ದಕ್ಕೂ ಹಳಹಳಿಸಿದರು, ಆ ಕಲ್ಲಿಗಾಗಿ.

ಕೊನೆಗೆ ಅವರ ಸ್ವಂತ ಹೊಲದ ನಡುವೆಯೇ ಅಂಥದೊಂದು ದಾರಿ ಸಿಕ್ಕಿತು. ಅನುಭವಿಸಿದವರು ಕಾಕು, ಅಂದರೆ ಕಾಕಾನ ಹೆಂಡತಿ. ಗಾಡಿಯಗಲದ ಆ ಪಟ್ಟಿಯಲ್ಲಿ ಕಾಕಾ ಒಂದು ಕಾಳನ್ನೂ ಬಿತ್ತಗೊಡಲಿಲ್ಲ. ನಾಲ್ಕು ಜನ ನಡೆದ ದಾರಿಯನ್ನು ಮುಚ್ಚಬಾರದಂತೆ. ಈಗ ಅಲ್ಲಿ ನಡೆಯುವವರಾದರೂ ಯಾರು? ದಿನಾ ಸಂಜೆ ಕೈ ಹಿಂದೆ ಕಟ್ಟಿಕೊಂಡು ಇವರೊಬ್ಬರೇ!

"ನಿಮ್ಮ ಕಾಕಾನ ದಾರಿಗೆ ಬಸ್ಸು ಯಾವಾಗ ಬರತೈತಿ, ಕೇಳಿ ಹೇಳಪಾ," ಎನ್ನುತ್ತಿದ್ದರು ಕಾಕು. ಪ್ರತಿ ಹಿಂಗಾರಿಗೂ ಆ ಪಟ್ಟಿಗಾಗಿ ಜಗಳ ತೆಗೆದು, ಪ್ರತಿ ಹಿಂಗಾರಿಗೂ ಸೋತರು.

ಒಂದು ವರ್ಷ ಬಿತ್ತನೆಗೆ ಮೊದಲು ಕಾಕಾನಿಗೆ ಲಕ್ವಾ ಹೊಡೆದು, ಬಲಗಾಲಿನ ಬಲ ಹೋಯಿತು. ಮತ್ತೆ ನಡೆಯುವುದು ಅನುಮಾನ ಎಂದರು ಡಾಕ್ಟರು. ಬಿತ್ತುವ ಕೂರಿಗೆಯ ಎತ್ತು ಹೊಡೆಯಲು ನಾನು ಹೋದೆ, ಅದರ ಬಟ್ಟಲಿಗೆ ಬೀಜ ಬಿಡಲು ಕಾಕು ಬಂದರು. ಈ ಸಲ ತಡೆಯುವವರಿಲ್ಲ, ಹೊಲ ಪೂರ್ತಿ ಬಿತ್ತಿಬಿಡೋಣ ಎಂದೆ. ದಣಿವಿನಲ್ಲಿ ಆಡಿದ ಮಾತು; ಇಂದಿಗೂ ಅದಕ್ಕೆ ನಾಚಿಕೆಯಿದೆ. ಕಾಕು ಮುಷ್ಟಿ ತುಂಬ ಬೀಜ ತೆಗೆದುಕೊಂಡರು.

ಕೂರಿಗೆ ಆ ಪಟ್ಟಿಗೆ ಬಂದಾಗ ಬಟ್ಟಲ ಮೇಲಿದ್ದ ಅವರ ಮುಷ್ಟಿ ಮುಚ್ಚಿಕೊಂಡಿತು. ನಾನು ಎತ್ತು ನಿಲ್ಲಿಸಿ ತಿರುಗಿ ನೋಡಿದೆ.

"ಇಲ್ಲಿ ಜ್ವಾಳ ಎದ್ದು ನಿಂತರ, ಅವರು ನಾಳೆ ಎದ್ದು ಬಂದಾಗ ಎಲ್ಲೆ ಅಡ್ಡಾಡಬೇಕು?" ಎಂದರು ಕಾಕು.

ಇಬ್ಬರೂ ಕೂಡಿ ಕೂರಿಗೆಯನ್ನು ಎತ್ತಿ ಹಿಡಿದು ದಾರಿ ದಾಟಿಸಿದೆವು. ಅಂದು ಬಿತ್ತಿದ ಪ್ರತಿ ಸಾಲಿನಲ್ಲೂ ಹಾಗೆಯೇ ಎತ್ತಿ ದಾಟಿಸಿದೆವು.