ಹದಿನೈದು ದಿನದ ಉರ್ದು

ಯಾವ ವಿದ್ಯೆಯನ್ನೇ ಆಗಲಿ ಬೇಗ ಕಲಿಯುವ ಶಕ್ತಿ ನನಗಿದೆ ಎಂದು ನಾನು ಬಹುಕಾಲ ನಂಬಿದ್ದೆ. ಈಜನ್ನು ಒಂದೇ ಬೆಳಗಿನಲ್ಲಿ ಕಲಿತವನು ನಾನು. ಮಧ್ಯಾಹ್ನ ನನ್ನನ್ನು ಬಾವಿಯಿಂದ ನಾಲ್ಕು ಜನ ಎತ್ತಬೇಕಾಯಿತು ಎಂಬುದು ಬೇರೆ ಮಾತು. ಕಲಬುರಗಿಯ ಒಂದು ಕಚೇರಿಯಲ್ಲಿ ಗುಮಾಸ್ತನ ಕೆಲಸ ಸಿಕ್ಕಾಗಲೂ ಹೀಗೇ ಆಯಿತು. ನಿಜಾಮರ ಸರ್ಕಾರದ ಕಾಗದವೆಲ್ಲ ಉರ್ದುವಿನಲ್ಲಿ. ನನಗೆ ಅದರ ಮೊದಲ ಅಕ್ಷರ ಅಲಿಫ್ ಕೂಡ ಗೊತ್ತಿಲ್ಲ. ಆದರೂ ಗುಮಾಸ್ತರ ಮೇಲಧಿಕಾರಿಯಾದ ಪೇಶಕಾರರು ಕೇಳಿದಾಗ, ಹದಿನೈದು ದಿನ ಕೊಡಿ, ಕಲಿತುಬಿಡುತ್ತೇನೆ ಎಂದೆ. ಕಲಿಯದಿದ್ದರೆ ಹದಿನಾರನೆಯ ದಿನ ಬರಬೇಡ ಎಂದರು ಅವರು. ಮನೆಯಲ್ಲಿ ತಾಯಿ, ಹೆಂಡತಿ, ಮದುವೆಯ ವಯಸ್ಸಿಗೆ ಬಂದ ಇಬ್ಬರು ತಂಗಿಯರು. ಈ ಕೆಲಸ ಕಳೆದುಕೊಳ್ಳುವ ಹಾಗಿರಲಿಲ್ಲ.

ಅದೇ ಊರಿನ ಮೋಮಿನಪುರದಲ್ಲಿ ಮಹಬೂಬ ಸಾಹೇಬರೆಂಬ ಮುದುಕರು ಜನರಿಗೆ ಉರ್ದುವಿನಲ್ಲಿ ಅರ್ಜಿ ಬರೆದುಕೊಡುತ್ತಿದ್ದರು. ಅವರ ಚಾಪೆಯ ಮೇಲೆ ಹೋಗಿ ಕುಳಿತೆ. ಹದಿನೈದು ದಿನವೆಂದು ಕೇಳಿ ಅವರು ಬಹಳ ಹೊತ್ತು ಗಡ್ಡ ನೀವಿಕೊಂಡರು. "ಅವಸರ ಮಾಡಿದ್ರ ಅಕ್ಷರ ಬರ್ತಾವ್ರೀ, ಓದು ಬರಂಗಿಲ್ಲ" ಎಂದರು. ಅವರ ಮಾತು ನಿಜವಾಯಿತು. ಅಕ್ಷರಗಳು ಒಂಟಿಯಾಗಿ ನಿಂತರೆ ಗುರುತು ಹಿಡಿಯುತ್ತಿದ್ದೆ. ಒಂದರ ಕೈ ಒಂದು ಹಿಡಿದು ಸಾಲಾಗಿ ಬಂದರೆ ಎಲ್ಲರೂ ಅಪರಿಚಿತರು. ಆಗ ಅರ್ಧ ಓದಿ ಅರ್ಧ ಊಹಿಸುವುದನ್ನು ರೂಢಿಸಿಕೊಂಡೆ. ಪೇಶಕಾರರು ಪರೀಕ್ಷೆಗೆಂದು ಕೊಟ್ಟ ಪುಟ, ದೈವವಶಾತ್, ನಾನು ಬಾಯಿಪಾಠ ಮಾಡಿದ ಪುಟವೇ ಆಗಿತ್ತು. ಕೆಲಸ ಉಳಿಯಿತು.

ಮರುವಾರವೇ ನಮ್ಮ ಕಚೇರಿಯ ದೊಡ್ಡ ಸಾಹೇಬರ ಸವಾರಿ ಕಮಲಾಪುರಕ್ಕೆ ಹೊರಟಿತು. ಬಿರುಬೇಸಿಗೆ. ಮುಂದಾಗಿ ಹೋಗಿ ಡೇರೆಯ ವ್ಯವಸ್ಥೆ ನೋಡು ಎಂದು ಸಾಹೇಬರು ತಾವೇ ಬರೆದ ಚೀಟಿಯನ್ನು ನನ್ನ ಕೈಗಿತ್ತರು. ಅವರ ಅಕ್ಷರವೋ, ಮಸಿಯಲ್ಲಿ ಬಿದ್ದ ಇರುವೆ ಎದ್ದು ಓಡಿದಂತೆ. ಕಮಲಾಪುರದ ಪಾಟೀಲ ಶರಣಪ್ಪಗೌಡರ ಕಟ್ಟೆಯ ಮೇಲೆ ಕುಳಿತು, ಅರ್ಧ ಓದಿ ಅರ್ಧ ಊಹಿಸಿ, ಡೇರೆಯ ಹತ್ತಿರ ಹತ್ತು ಘೋಡೇ, ಅಂದರೆ ಹತ್ತು ಕುದುರೆ, ಸಿದ್ಧವಿರಬೇಕಂತೆ ಎಂದು ಸಾರಿದೆ.

ಗೌಡರು ಪೇಟ ತೆಗೆದು ತಲೆ ಕೆರೆದುಕೊಂಡರು. "ಸಾಹೇಬ್ರು ಒಬ್ರೇ ಬರ್ಲಾಕತ್ತಾರಲ್ರೀ. ಹತ್ತು ಕುದುರಿ ಮ್ಯಾಲ ಹ್ಯಾಂಗ ಕೂಡ್ತಾರ?"

ಸರ್ಕಾರದ ಹುಕುಮಿಗೆ ಎದುರು ಪ್ರಶ್ನೆ ಕೇಳಬಾರದು ಎಂದು ನಾನು ಗಂಭೀರವಾಗಿ ತಿಳಿಸಿದೆ. ಪಾಪ, ಸುತ್ತಲಿನ ಊರೆಲ್ಲ ಜಾಲಾಡಿ ಅವರು ಏಳು ಕುದುರೆ ತಂದರು, ಒಂದಕ್ಕೆ ಕಣ್ಣಿರಲಿಲ್ಲ. ಎರಡು ಹೇಸರಗತ್ತೆ ಸೇರಿಸಿದರು. ಹತ್ತನೆಯದನ್ನು ದೂರ ನಿಲ್ಲಿಸಿದ್ದರು. ಅದು ಕತ್ತೆಯೆಂದು ನಾನೂ ಹೇಳಲಿಲ್ಲ, ಅವರೂ ಹೇಳಲಿಲ್ಲ. ಬಿಸಿಲಿಗೆ ಬಳಲಿದ ಪ್ರಾಣಿಗಳು ಡೇರೆಯ ಬಳಿ ತುಂಬಿಟ್ಟಿದ್ದ ನೀರನ್ನೆಲ್ಲ ಕುಡಿದು ಮುಗಿಸಿದವು. ಅಷ್ಟರಲ್ಲಿ ಸಾಹೇಬರು ಬಂದರು. ಗಂಟಲೊಣಗಿ ಕೇಳಿದ್ದು ನೀರು. ಅವರು ಬರೆದದ್ದು ಘೋಡೇ ಅಲ್ಲ, ಘಡೇ: ಹತ್ತು ಕೊಡ ನೀರು.

ಎಷ್ಟು ದಿನ ಉರ್ದು ಕಲಿತೆ ಎಂದು ಸಾಹೇಬರು ಕೇಳಿದರು. ಹದಿನೈದು ದಿನ ಎಂದೆ. ಅವರು ದೂರದಲ್ಲಿದ್ದ ಹತ್ತನೆಯ ಕುದುರೆಯನ್ನು ಒಮ್ಮೆ, ನನ್ನನ್ನು ಒಮ್ಮೆ ನೋಡಿ, ಎರಡು ಸಾಲು ಗೀಚಿ, ಪೇಶಕಾರರಿಗೆ ಕೊಡು ಎಂದು ಕಳಿಸಿದರು.

ದಾರಿಯುದ್ದಕ್ಕೂ ಎತ್ತಿನ ಬಂಡಿಯಲ್ಲಿ ಆ ಚೀಟಿ ಬಿಚ್ಚಿ ನೋಡಿದೆ. ನನ್ನ ಹಣೆಬರಹ ನನಗೇ ಓದಲು ಬರಲಿಲ್ಲ. ನೇರ ಮೋಮಿನಪುರಕ್ಕೆ ಹೋದೆ. ಮಹಬೂಬ ಸಾಹೇಬರು ಕನ್ನಡಕ ಹಾಕಿ, ತೆಗೆದು, ಮತ್ತೆ ಹಾಕಿ ನೋಡಿದರು. "ಮ್ಯಾಲ ನಿಮ್ಮ ಹೆಸರದ, ಕೆಳಗ ಅವರ ಸಹಿ ಅದ. ನಡುವ ಏನದನೋ ಅಲ್ಲಾಗೇ ಗೊತ್ತು" ಎಂದು ಮರಳಿಸಿದರು.

ಮರುದಿನ ಅದನ್ನು ಪೇಶಕಾರರ ಮುಂದಿಟ್ಟೆ. ಅವರು ಚೀಟಿಯನ್ನು ಬಹಳ ಹೊತ್ತು ನೋಡಿದರು. ಓದಲು ಬರಲಿಲ್ಲ ಎಂದು ಗುಮಾಸ್ತನ ಎದುರು ಹೇಳುವುದು ಹೇಗೆ? ಗಂಭೀರವಾಗಿ ತಲೆಯಾಡಿಸಿ, ಆಗಲಿ ಎಂದು ಕಡತಕ್ಕೆ ಸೇರಿಸಿದರು. ಸಾಹೇಬರಿಗೆ ಅದೇ ತಿಂಗಳು ಬೇರೆ ಜಿಲ್ಲೆಗೆ ವರ್ಗವಾಯಿತು.

ಆಮೇಲೆ ನಾನು ಉರ್ದುವನ್ನು ನಿಧಾನವಾಗಿ, ಸರಿಯಾಗಿ ಕಲಿತೆ. ಎಂಥ ಕೆಟ್ಟ ಅಕ್ಷರವಾದರೂ ಓದಬಲ್ಲವನೆಂದು ಕಚೇರಿಯಲ್ಲಿ ಹೆಸರೂ ಬಂತು. ಆ ಚೀಟಿಯಿದ್ದ ಕಡತ ಇಪ್ಪತ್ತೆಂಟು ವರ್ಷ ನನ್ನ ಬೆನ್ನ ಹಿಂದಿನ ಕಪಾಟಿನಲ್ಲೇ ಇತ್ತು. ನಿವೃತ್ತನಾಗುವ ದಿನದವರೆಗೂ ನಾನು ಅದನ್ನು ಬಿಚ್ಚಲಿಲ್ಲ.